ಹೊಗೆಸೊಪ್ಪಿನ ಹೊಲದಲ್ಲಿ ಸ್ಥಿತಿಕರಣ

2025ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕ ಸರ್ಕಾರವು ತಂಬಾಕು ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿಯನ್ನು ಜಾರಿಗೊಳಿಸಿತು. ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ವಿಧಿಸುವ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಹೋಯಿತು. ಹುಕ್ಕಾ ಬಾರ್‌ಗಳು ನಿಷಿದ್ಧವಾದವು. ಅದೇ ದಿನಗಳಲ್ಲಿ, ಅದೇ ರಾಜ್ಯದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕೆಂಪು ಮಣ್ಣಿನ ಹೊಲಗಳಲ್ಲಿ, ಮುಂಗಾರಿನ ಮೊದಲ ಮಳೆಗಳನ್ನು ನಂಬಿ ನಾಟಿ ಮಾಡಿದ ಹೊಗೆಸೊಪ್ಪಿನ ಸಸಿಗಳು ಬೇರೂರುತ್ತಿದ್ದವು. ಒಂದು ಕೈ ತಡೆಯುವುದನ್ನು ಇನ್ನೊಂದು ಕೈ ಬೆಳೆಸುತ್ತಿತ್ತು. ಎರಡೂ ಕಾನೂನಿಗೆ ಸಮ್ಮತವೇ.

ಈ ವೈರುಧ್ಯ ಹೊಸದಲ್ಲ. 1975ರ ಕಾಯ್ದೆಯ ಮೇರೆಗೆ ಸ್ಥಾಪನೆಯಾದ ತಂಬಾಕು ಮಂಡಳಿಯು ಗುಂಟೂರಿನಿಂದ ಕೆಲಸ ಮಾಡುತ್ತಿದೆ. ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬುದನ್ನು ನಿಗದಿಪಡಿಸುವುದು ಅದೇ. ಹರಾಜು ಕಟ್ಟೆಯಲ್ಲಿ ಬೇಲ್‌ಗಳನ್ನು ಮಾರಿಸುವುದೂ ಅದೇ. ಕರ್ನಾಟಕದ ನೋಂದಾಯಿತ ವರ್ಜೀನಿಯಾ ತಂಬಾಕು ಬೆಳೆಗಾರರ ಸಂಖ್ಯೆ ಸುಮಾರು ನಲವತ್ತು ಸಾವಿರ. ಅವರಲ್ಲಿ ಬಹುಪಾಲು ಮಂದಿ ಈ ತಾಲ್ಲೂಕುಗಳವರು. ರಾಜ್ಯಕ್ಕೆ ನಿಗದಿಯಾಗುವ ಪ್ರಮಾಣ ಇತ್ತೀಚಿನ ವರ್ಷಗಳಲ್ಲಿ ಹತ್ತು ಕೋಟಿ ಕಿಲೋ ಆಸುಪಾಸಿನಲ್ಲಿದೆ. 2023-24ರ ಹಂಗಾಮಿನಲ್ಲಿ ಸರಾಸರಿ ಬೆಲೆ ಕಿಲೋಗೆ 250 ರೂಪಾಯಿ ದಾಟಿದಾಗ ಹರಾಜು ಕಟ್ಟೆಗಳಲ್ಲಿ ನಗೆಯಿತ್ತು. 2015ರಲ್ಲಿ ಬೆಲೆ ಕುಸಿದಾಗ ಇದೇ ಊರುಗಳಲ್ಲಿ ಸಾಲದ ಭಾರಕ್ಕೆ ಸೋತು ಪ್ರಾಣ ಕಳೆದುಕೊಂಡವರ ಮನೆಗಳಿದ್ದವು. ಎರಡು ಕಾಲಗಳಲ್ಲೂ ಬೆಳೆ ಒಂದೇ, ಬೆವರು ಒಂದೇ.

ಇದು ಕೃಷಿ ನೀತಿಯ ವಿಷಯ, ಆಧ್ಯಾತ್ಮದ ಅಂಕಣಕ್ಕೆ ಇದರ ಗೊಡವೆಯೇಕೆ ಎಂದು ಓದುಗರು ಕೇಳಬಹುದು. ಆದರೆ ಜಿನಧರ್ಮದ ಶ್ರಾವಕಾಚಾರವು ಗೃಹಸ್ಥನ ಧರ್ಮವನ್ನು ವಿಚಾರಿಸುವಾಗ ಬಸದಿಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಅವನು ಏನನ್ನು ಮಾರುತ್ತಾನೆ, ಯಾವುದರಿಂದ ಉಣ್ಣುತ್ತಾನೆ ಎಂಬಲ್ಲಿಗೆ ಹೋಗುತ್ತದೆ. ಹಿಂಸೆಯನ್ನು ಅದು ನಾಲ್ಕಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಮೊದಲನೆಯದನ್ನು ಗೃಹಸ್ಥನು ಪೂರ್ತಿಯಾಗಿ ಬಿಡಬೇಕು. ಉಳಿದ ಮೂರನ್ನು ಎಚ್ಚರದಿಂದ ಕುಗ್ಗಿಸುತ್ತ ಹೋಗಬೇಕು. ನೇಗಿಲು ಹಿಡಿದವನ ಕಾಲಡಿಯಲ್ಲಿ ಜೀವಹಾನಿ ಆಗದಿರದು ಎಂಬುದನ್ನು ಆಚಾರ್ಯರು ಬಲ್ಲರು. ಆದ್ದರಿಂದ ಅವರು ಕೃಷಿಕನನ್ನು ಧರ್ಮದಿಂದ ಹೊರಗಿಡಲಿಲ್ಲ.

ಆದರೆ ಎಲ್ಲ ಉದ್ಯೋಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲೂ ಇಲ್ಲ. ಹದಿಮೂರನೆಯ ಶತಮಾನದ ಆಶಾಧರ ಪಂಡಿತನ ಸಾಗಾರಧರ್ಮಾಮೃತವು ಶ್ರಾವಕನು ದೂರವಿಡಬೇಕಾದ ಹದಿನೈದು ಖರಕರ್ಮಗಳನ್ನು, ಅಂದರೆ ಕ್ರೂರವಾದ ಜೀವನೋಪಾಯಗಳನ್ನು, ಹೇಳುತ್ತದೆ. ಮರ ಕಡಿದು ಮಾರುವುದು ಅದರಲ್ಲಿದೆ, ಬೆಂಕಿಯನ್ನೇ ನಂಬಿದ ಜೀವಿಕೆ ಇದೆ, ವಿಷದ ವ್ಯಾಪಾರ ಇದೆ. ತಂಬಾಕಿನ ಹೆಸರು ಅಲ್ಲಿರಲು ಸಾಧ್ಯವಿಲ್ಲ. ಆ ಗಿಡ ಪೋರ್ಚುಗೀಸರ ಹಡಗಿನಲ್ಲಿ ಈ ನೆಲಕ್ಕೆ ಬಂದದ್ದು ಆಶಾಧರನ ಬಳಿಕ ಶತಮಾನಗಳು ಕಳೆದ ಮೇಲೆ. ಹೆಸರಿಲ್ಲ ಎಂಬುದರಿಂದ ವಿನಾಯಿತಿ ಸಿಗದು. ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನಿನ ಮುಂದೆ ನಿಂತರೆ ಆ ಮೂರೂ ಒಟ್ಟಿಗೆ ಕಾಣುತ್ತವೆ. ಒಂದು ಕಿಲೋ ಒಣ ಎಲೆಗೆ ನಾಲ್ಕೈದು ಕಿಲೋ ಸೌದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಐದಾರು ಹಗಲು, ಐದಾರು ರಾತ್ರಿ ಒಲೆ ಆರಬಾರದು. ಶಾಖ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆ ಕೆಡುತ್ತದೆ. ಆದುದರಿಂದ ಮನೆಯ ಒಬ್ಬರಾದರೂ ಬ್ಯಾರನ್ನಿನ ಬಳಿಯೇ ಮಲಗುತ್ತಾರೆ. ಮಳೆಯಲ್ಲಿ ನೆನೆದ ಹಸಿ ಎಲೆ ಮುರಿಯುವವರಿಗೆ, ಅದನ್ನು ಕಡ್ಡಿಗೆ ಕಟ್ಟುವ ಹೆಣ್ಣುಮಕ್ಕಳಿಗೆ, ಚರ್ಮದ ಮೂಲಕವೇ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ವೈದ್ಯಶಾಸ್ತ್ರವು ಇದನ್ನು ಹಸಿರು ತಂಬಾಕಿನ ಕಾಯಿಲೆ ಎಂದು ಗುರುತಿಸಿದೆ. ವಿಷವು ಸೇದುವವನನ್ನು ಮುಟ್ಟುವ ಮೊದಲು ಬೆಳೆದವನನ್ನು ಮುಟ್ಟಿರುತ್ತದೆ. ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು 13.5 ಲಕ್ಷ ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ ಈ ಕೈಗಳ ನೋವು ಸೇರಿಲ್ಲ.

ಹಾಗಾದರೆ ಬೆಳೆಗಾರನು ತನ್ನನ್ನು ತಾನು ಹೇಗೆ ನೋಡಿಕೊಳ್ಳಬೇಕು?

ಎರಡು ಸುಲಭದ ದಾರಿಗಳಿವೆ. ಬೆಳೆಯುವುದಷ್ಟೇ ತನ್ನ ಕೆಲಸ, ಸೇದುವುದು ಸೇದುವವನ ಕರ್ಮ ಎಂದು ಕೈತೊಳೆದುಕೊಳ್ಳುವುದು ಒಂದು. ಕಣ್ಣೆದುರಿನ ಕಾರಣಕಾರ್ಯವನ್ನು ಕಾಣದಿರುವ ಈ ನಿಲುವಿಗೆ ಜೈನ ಪರಿಭಾಷೆಯಲ್ಲಿ ಮಿಥ್ಯಾದೃಷ್ಟಿಯ ಛಾಯೆಯಿದೆ. ತಾನು ಪಾಪಿ, ತನ್ನ ಅನ್ನವೇ ಪಾಪದ್ದು ಎಂದು ಒಳಗೊಳಗೇ ಕುದಿಯುವುದು ಇನ್ನೊಂದು. ಇದು ಧರ್ಮದಂತೆ ಕಾಣುವುದರಿಂದ ಹೆಚ್ಚು ಅಪಾಯಕಾರಿ. ಕೊರಗಿನಲ್ಲಿಯೇ ಮುಳುಗಿರುವ ಚಿತ್ತವನ್ನು ಶಾಸ್ತ್ರವು ಆರ್ತಧ್ಯಾನವೆಂದು ಕರೆದು, ಬಿಡಬೇಕಾದ ಧ್ಯಾನಗಳ ಸಾಲಿನಲ್ಲಿ ಇರಿಸಿದೆ. ಕೊರಗುವವನಿಗೆ ಪುಣ್ಯವಿದೆ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಸಾಲದ ಜೊತೆ ಈ ಕೊರಗೂ ಸೇರಿದಾಗ ಮನುಷ್ಯನು ತನ್ನ ಮೇಲೆಯೇ ಹಿಂಸೆಗೆ ಇಳಿಯಬಹುದು. ಪರದಯೆಯ ಜೊತೆಗೆ ಸ್ವದಯೆಯನ್ನೂ ಜೈನರು ಎಣಿಸಿದ್ದು ಸುಮ್ಮನೆ ಅಲ್ಲ.

ಈ ಎರಡರ ನಡುವೆ ಇರುವುದು ಆಲೋಚನೆ. ಇಂದಿನ ಮಾತಿನಲ್ಲಿ ಈ ಪದಕ್ಕೆ ಯೋಚನೆ ಎಂಬ ಅರ್ಥವಷ್ಟೇ ಉಳಿದಿದೆ. ಜೈನ ಆಚಾರದಲ್ಲಿ ಅದರ ಅರ್ಥ ಬೇರೆ: ಮಾಡಿದ್ದನ್ನು ಬಣ್ಣ ಹಚ್ಚದೆ, ಹೆಚ್ಚಿಸದೆ, ಕುಗ್ಗಿಸದೆ ಗುರುವಿನ ಮುಂದೆ ಇರುವಂತೆಯೇ ಇರಿಸುವುದು. ಅದರ ಬೆನ್ನಿಗೆ ಪ್ರತಿಕ್ರಮಣ, ಎಂದರೆ ಜಾರಿದಲ್ಲಿಂದ ಹಿಂದಿರುಗುವುದು. ಇದು ಸಾಧ್ಯವಾಗುವುದು ಎರಡು ನಯಗಳನ್ನು ಒಟ್ಟಿಗೆ ಹಿಡಿದಾಗ. ನಿಶ್ಚಯನಯದಲ್ಲಿ ಆತ್ಮ ಶುದ್ಧ. ಯಾವ ಬೆಳೆಯ ಮಸಿಯೂ ಅದರ ಸ್ವಭಾವವನ್ನು ಮುಟ್ಟದು. ವ್ಯವಹಾರನಯದಲ್ಲಿ ಕರ್ಮ ಕಟ್ಟಿದೆ. ಅದರ ಲೆಕ್ಕ ತಪ್ಪದು. ಮೊದಲನೆಯದನ್ನಷ್ಟೇ ಹಿಡಿದವನು ಸೋಮಾರಿಯಾಗುತ್ತಾನೆ, ಎರಡನೆಯದನ್ನಷ್ಟೇ ಹಿಡಿದವನು ಹತಾಶನಾಗುತ್ತಾನೆ. ತನ್ನನ್ನು ಒಪ್ಪಿಕೊಳ್ಳುವುದು ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಅದು ತನಗೆ ತಾನೇ ಕೊಟ್ಟುಕೊಳ್ಳುವ ಕ್ಷಮಾಪಣೆಯಾದರೆ ಅದರಿಂದ ಪ್ರಯೋಜನವಿಲ್ಲ. ಎರಡು ನಯಗಳ ನಡುವೆ ನಿಂತು ಕಣ್ಣು ತೆರೆದು ನೋಡುವುದಾದರೆ ಅದೇ ಸಮ್ಯಕ್ತ್ವದ ಬಾಗಿಲು.

ಈ ವಿವೇಕಕ್ಕೆ ಈ ನೆಲ ಅಪರಿಚಿತವಲ್ಲ. ಕಾವೇರಿ ದಡದ ಚಿಕ್ಕಹನಸೋಗೆ, ಹಿಂದೆ ಕೆ.ಆರ್. ನಗರ ತಾಲ್ಲೂಕಿನಲ್ಲಿದ್ದು ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿದೆ, ಒಂದು ಕಾಲಕ್ಕೆ ಜೈನ ಮುನಿಗಳ ದೊಡ್ಡ ನೆಲೆ. ಕಾರ್ಕಳದ ಭಟ್ಟಾರಕ ಪರಂಪರೆ ತನ್ನ ಮೂಲವನ್ನು ಹೇಳಿಕೊಳ್ಳುವುದು ಇದೇ ಪನಸೋಗೆಯ ಬಳಿಯಿಂದ. ಅಲ್ಲಿನ ಆದಿನಾಥ ಬಸದಿ ಇಂದಿಗೂ ನಿಂತಿದೆ. ಹುಣಸೂರು ತಾಲ್ಲೂಕಿನ ಶ್ರವಣಗುಡ್ಡದ ಮೇಲೆ, ಗೊಮ್ಮಟಗಿರಿಯಲ್ಲಿ, ಬಾಹುಬಲಿ ಹೊಲಗಳನ್ನು ನೋಡುತ್ತ ನಿಂತಿದ್ದಾನೆ. ಚಂಗಾಳ್ವರ ಕಾಲದಲ್ಲಿ, ಹದಿನಾರನೆಯ ಶತಮಾನದ ಆರಂಭದಲ್ಲಿ, ಕಲ್ಲಹಳ್ಳಿಯ ಮಂಗರಸನು ಕನ್ನಡದಲ್ಲಿ ಸಮ್ಯಕ್ತ್ವಕೌಮುದಿಯನ್ನು ಬರೆದನು. ಗೃಹಸ್ಥರು ತಮಗೆ ಸಮ್ಯಕ್ತ್ವ ದೊರೆತ ಬಗೆಯನ್ನು ಒಬ್ಬರಿಗೊಬ್ಬರು ಮನೆಯೊಳಗೆ ಕುಳಿತು ಹೇಳಿಕೊಳ್ಳುವ ಕಥೆಗಳು ಅವು. ಅದೇ ಕವಿ ಸೂಪಶಾಸ್ತ್ರವೆಂಬ ಅಡುಗೆಯ ಗ್ರಂಥವನ್ನೂ ಬರೆದ. ಒಲೆಯ ಮುಂದಿನ ವಿವೇಕ ಬೇರೆ, ಮೋಕ್ಷದ ವಿವೇಕ ಬೇರೆ ಎಂದು ಅವನಿಗೆ ಅನಿಸಿದಂತಿಲ್ಲ.

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳು. ಅವುಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಇತರರನ್ನು ಕುರಿತವು. ಇನ್ನೊಬ್ಬರ ದೋಷವನ್ನು ಬೀದಿಗೆ ತಾರದಿರುವುದು ಉಪಗೂಹನ. ಜಾರುತ್ತಿರುವವರನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಸ್ಥಿತಿಕರಣ. ನಯಸೇನನು 1112ರ ಸುಮಾರಿಗೆ ಧರ್ಮಾಮೃತದಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಕಥೆ ಕಟ್ಟಿದ. ಪರಂಪರೆಯಲ್ಲಿ ಸ್ಥಿತಿಕರಣದ ನಾಯಕ ವಾರಿಷೇಣ, ಮಗಧದ ಶ್ರೇಣಿಕ ರಾಜನ ಮಗ, ರಾಜ್ಯ ಬಿಟ್ಟು ಮುನಿಯಾದವನು. ಅವನ ಹಿಂದೆಯೇ ದೀಕ್ಷೆ ಪಡೆದ ಬಾಲ್ಯದ ಗೆಳೆಯನಿಗೆ ಮನೆಯ, ಮಡದಿಯ ನೆನಪು ಹನ್ನೆರಡು ವರ್ಷ ಕಳೆದರೂ ಹೋಗಲಿಲ್ಲ. ವಾರಿಷೇಣ ಅವನನ್ನು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಾನು ಬಿಟ್ಟುಬಂದ ಅರಮನೆಗೆ ಅವನನ್ನು ಕರೆದೊಯ್ದು, ತನ್ನ ರಾಣಿಯರನ್ನೂ ತನ್ನ ಸಂಪತ್ತನ್ನೂ ಅವನ ಕಣ್ಣೆದುರು ತಂದು ನಿಲ್ಲಿಸಿದ. ಬೇಕಾದರೆ ಇದೆಲ್ಲ ನಿನ್ನದು ಎಂದ. ಗೆಳೆಯನ ಮನಸ್ಸು ಅಲ್ಲಿ ನೆಲೆಗೊಂಡಿತು.

ಈ ಕಥೆಯಲ್ಲಿ ಗಮನಿಸಬೇಕಾದುದು ಸ್ಥಿತಿಕರಣಕ್ಕೆ ಹೊರಟವನು ಬರಿಗೈಯಲ್ಲಿ ಹೋಗಲಿಲ್ಲ ಎಂಬುದು. ತಾನು ತ್ಯಜಿಸಿದ್ದು ಎಷ್ಟು ಎಂಬುದನ್ನು ತೋರಿಸಿದ ಬಳಿಕವೇ ಅವನು ತ್ಯಾಗವನ್ನು ಕೇಳಿದ್ದು. ತಂಬಾಕು ಬಿಡಿ ಎಂದು ಬೆಳೆಗಾರನಿಗೆ ಹೇಳುವವರ ಕೈಯಲ್ಲಿ ಏನಿದೆ? 2004ರಲ್ಲಿ ಭಾರತವು ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೆಯ ವಿಧಿಯು ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆನ್ನುತ್ತದೆ. ತಂಬಾಕಿಗೆ ಹರಾಜು ಕಟ್ಟೆಯಿದೆ, ಕೊಳ್ಳುವವರು ಸಾಲಾಗಿ ಬರುತ್ತಾರೆ, ಹಣ ಖಾತೆಗೆ ಬರುತ್ತದೆ. ರಾಗಿಗೆ, ತೊಗರಿಗೆ, ಮುಸುಕಿನ ಜೋಳಕ್ಕೆ ಈ ಪಟ್ಟಿಯ ಎಲ್ಲವೂ ಒಟ್ಟಿಗೆ ಸಿಗುವುದು ಅಪರೂಪ. ಶುಂಠಿಗೆ ಹೋದವರು ಒಂದು ವರ್ಷ ಗೆದ್ದು ಮರುವರ್ಷ ರೋಗಕ್ಕೋ ಬೆಲೆಗೋ ಸೋತದ್ದನ್ನು ಎಚ್.ಡಿ. ಕೋಟೆ, ಹುಣಸೂರಿನವರು ಕಂಡಿದ್ದಾರೆ. ಹುಣಸೂರಿನಲ್ಲಿ ಕೇಂದ್ರ ಸರ್ಕಾರದ ತಂಬಾಕು ಸಂಶೋಧನಾ ಕೇಂದ್ರವಿದೆ. ರಾಜಮಂಡ್ರಿಯ ಅದರ ಮಾತೃಸಂಸ್ಥೆ ಇತ್ತೀಚೆಗೆ ತನ್ನ ಹೆಸರಿನಿಂದ ತಂಬಾಕನ್ನು ಕೈಬಿಟ್ಟು ಅರಿಸಿನ, ಮೆಣಸಿನಕಾಯಿ, ಹರಳು, ಅಶ್ವಗಂಧಗಳನ್ನೂ ತನ್ನ ಕೆಲಸಕ್ಕೆ ಸೇರಿಸಿಕೊಂಡಿತು. ಸಂಸ್ಥೆಯೊಂದು ಮಾಡಿದ ಸಣ್ಣ ಪ್ರತಿಕ್ರಮಣ ಎನ್ನಬಹುದೇನೋ. ಅದು ಹೊಲಕ್ಕೆ ಇಳಿಯುವುದು ಬಾಕಿಯಿದೆ.

ಇನ್ನು ಭಕ್ತರ ಕೈಯಲ್ಲಿರುವ ಜಪಮಾಲೆಯ ವಿಷಯ. ಅದರಲ್ಲಿ 108 ಮಣಿಗಳೇಕೆ ಎಂಬುದಕ್ಕೆ ಜೈನರು ಕೊಡುವ ವಿವರಣೆ ಹೀಗಿದೆ. ಕರ್ಮಕ್ಕೆ ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತ. ಮನಸ್ಸು, ಮಾತು, ಕಾಯ ಎಂಬ ಮೂರು ಸಾಧನ. ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ. ಗುಣಿಸಿದರೆ 108. ಹೊಗೆಸೊಪ್ಪಿನ ವಿಷಯದಲ್ಲಿ ಬೆಳೆಗಾರ ಕೃತದ ಮಣಿಯ ಬಳಿ ನಿಂತಿದ್ದಾನೆ. ಕಾರಿತದ ಬಳಿ ಮಂಡಳಿ, ಕಂಪನಿ, ವ್ಯಾಪಾರಿಗಳಿದ್ದಾರೆ. ಅನುಮೋದನೆಯ ಸಾಲು ಬಹಳ ಉದ್ದ. ಸಾರ್ವಜನಿಕ ರಂಗದ ಎಲ್‌ಐಸಿಯು ಐಟಿಸಿ ಕಂಪನಿಯ ದೊಡ್ಡ ಷೇರುದಾರರಲ್ಲೊಂದು. ಪಾಲಿಸಿಯ ಕಂತು ಕಟ್ಟಿದ ಮನೆ, ಮ್ಯೂಚುವಲ್ ಫಂಡಿನಲ್ಲಿ ಉಳಿತಾಯವಿಟ್ಟ ಮನೆ, ಸಿಗರೇಟಿನ ತೆರಿಗೆಯಿಂದ ಹಾಕಿದ ರಸ್ತೆಯಲ್ಲಿ ಓಡಾಡುವವರು, ಎಲ್ಲರೂ ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ಇದ್ದಾರೆ. ಸೊಪ್ಪು ಬೆಳೆಯುವವನ ಕಡೆಗೆ ಬೆರಳು ತೋರುವ ಶ್ರಾವಕನು ಮಣಿ ಎಣಿಸುವಾಗ ತನ್ನ ಬೆರಳು ಯಾವ ಮಣಿಯ ಮೇಲಿದೆ ಎಂದು ಒಮ್ಮೆ ನೋಡಿಕೊಂಡರೆ ಉಪಗೂಹನ ತಾನಾಗಿ ಬರುತ್ತದೆ.

ಅಣುವ್ರತದ ಸೊಬಗು ಅದರ ಅಣುತ್ವದಲ್ಲಿದೆ. ಎಲ್ಲವನ್ನೂ ಇಂದೇ ಬಿಡು ಎಂದು ಅದು ಗೃಹಸ್ಥನಿಗೆ ಹೇಳುವುದಿಲ್ಲ. ಪರಿಮಾಣವನ್ನು ಗೊತ್ತುಮಾಡಿಕೊ, ಅದನ್ನು ಮೀರಬೇಡ, ಆಮೇಲೆ ಇನ್ನಷ್ಟು ಕುಗ್ಗಿಸು ಎನ್ನುತ್ತದೆ. ಎರಡು ಎಕರೆಯಲ್ಲಿ ಅರ್ಧ ಎಕರೆಯನ್ನು ರಾಗಿಗೋ ಹಿಪ್ಪುನೇರಳೆಗೋ ಬಿಡುವುದು, ಕಾಡಿನ ಸೌದೆ ಕೊಳ್ಳದೆ ಬದುವಿನಲ್ಲಿ ಬೆಳೆಸಿದ್ದನ್ನೇ ಸುಡುವುದು, ಎಲೆ ಮುರಿಯುವ ಆಳಿಗೆ ಕೈಗವಸು ಕೊಡುವುದು, ಮಗ್ಗುಲ ಮನೆಯ ಹುಡುಗನಿಗೆ ಕಡ್ಡಿಪುಡಿ ಕೊಡದಿರುವುದು, ಇವೆಲ್ಲ ವ್ರತದ ಮೆಟ್ಟಿಲುಗಳೇ. ಮಹಾನಗರದ ಚರ್ಚೆಗಳಿಗೆ ಇವು ತೀರ ಚಿಕ್ಕವಾಗಿ ಕಾಣಬಹುದು. ಮಾಡುವವನಿಗೆ ಹಾಗಿರುವುದಿಲ್ಲ, ಅರ್ಧ ಎಕರೆ ಎಂದರೆ ಒಂದು ಮಗುವಿನ ವರ್ಷದ ಶುಲ್ಕ.

ಇದುವರೆಗೆ ಬೆಳೆಗಾರನು ಪ್ರತಿವರ್ಷವೂ ಮಂಡಳಿಯಲ್ಲಿ ನೋಂದಣಿಯನ್ನು ನವೀಕರಿಸಬೇಕಾಗಿತ್ತು. 2025ರಲ್ಲಿ ಕೇಂದ್ರ ಸರ್ಕಾರವು ನಿಯಮ ತಿದ್ದಿ ಅದರ ಅವಧಿಯನ್ನು ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿಸಿತು. ಓಡಾಟ ತಪ್ಪಿತು, ಸಾಲುಗಳಲ್ಲಿ ನಿಲ್ಲುವ ಕಷ್ಟ ಕಡಿಮೆಯಾಯಿತು. ರೈತರಿಗೆ ಇದು ಉಪಕಾರವೇ. ಆದರೆ ಅರ್ಜಿಗೆ ಸಹಿ ಹಾಕುವ ಮುನ್ನ ಈ ವರ್ಷವೂ ಬೇಕೇ ಎಂದು ಗಂಡಹೆಂಡಿರು ಮಾತಾಡಿಕೊಳ್ಳುತ್ತಿದ್ದ ಒಂದು ಸಂಜೆಯೂ ಅದರ ಜೊತೆಗೆ ಹೋಯಿತು. ಜೈನರು ವರ್ಷಕ್ಕೊಮ್ಮೆ ಸಾಂವತ್ಸರಿಕ ಪ್ರತಿಕ್ರಮಣಕ್ಕೆ ದಿನ ಗೊತ್ತುಮಾಡಿಕೊಂಡಿದ್ದಾರೆ. ಆ ಸಂಜೆಗೆ ಇನ್ನು ಮುಂದೆ ಕಚೇರಿ ದಿನಾಂಕ ಕೊಡುವುದಿಲ್ಲ. ಮನೆಯವರೇ ಗೊತ್ತುಮಾಡಿಕೊಳ್ಳಬೇಕು, ಸಸಿಮಡಿಗೆ ಬೀಜ ಚೆಲ್ಲುವ ಮೊದಲು.