ಮೊಳಕೆಯ ಸಿರಿಯೂ ಬೆಳೆಯ ಸಿರಿಯೂ

‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮ್ಮ ಮನೆಗಳಲ್ಲಿ ದಿನ ಬೆಳಗಾದರೆ ಕೇಳಿಬರುವುದು. ಮಗನು ಶಾಲೆಯಿಂದ ಬಹುಮಾನ ತಂದರೆ, ಮುಂದೆ ದೊಡ್ಡ ಮನುಷ್ಯನಾಗುವನೆಂದು ಹಿಗ್ಗುತ್ತೇವೆ. ತಾರದಿದ್ದರೆ, ಇವನ ಹಣೆಯ ಬರಹ ಇಷ್ಟೇ ಎಂದು ನಿಟ್ಟುಸಿರಿಡುತ್ತೇವೆ. ಈ ಗಾದೆಯನ್ನು ಒರೆಗೆ ಹಚ್ಚಲು ಈ ತಿಂಗಳು ನಾವು ಮುಷ್ಟಿಯುದ್ಧದ ಕಣವನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ಪ್ರತಿಯೊಂದು ಸೋಲುಗೆಲುವಿಗೂ ಲೆಕ್ಕವುಂಟು. ಹಣಕ್ಕಲ್ಲದೆ ಪದಕಕ್ಕಾಗಿ ಕಾದುವ ಹವ್ಯಾಸಿ ಪಂದ್ಯಗಳೇ ಮೊಳಕೆ. ಅವುಗಳಲ್ಲಿ ಒಲಿಂಪಿಕ್ ಸುವರ್ಣ ಪದಕವು ಎಲ್ಲಕ್ಕೂ ಮಿಗಿಲಾದುದು. ಮುಷ್ಟಿಯುದ್ಧವನ್ನೇ ವೃತ್ತಿಯನ್ನಾಗಿ ಮಾಡಿಕೊಂಡವರಿಗೆ ದೊರೆಯುವ ಹೆವಿವೆಯ್ಟ್ ಜಗಜ್ಜಟ್ಟಿಯ ಪಟ್ಟವೇ ಬೆಳೆ.

ಗಾದೆಯ ಪಕ್ಷದ ಸಾಕ್ಷಿಗಳು ಸಾಮಾನ್ಯರಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಹದಿನೇಳು ವರ್ಷದ ಫ್ಲಾಯ್ಡ್ ಪ್ಯಾಟರ್‌ಸನ್ ಮಧ್ಯಮ ತೂಕದವರಲ್ಲಿ ಸುವರ್ಣ ಪದಕ ಪಡೆದನು, 1956ರಲ್ಲಿ ಜಗಜ್ಜಟ್ಟಿಯಾದನು. 1960ರಲ್ಲಿ ರೋಮ್ ನಗರದಲ್ಲಿ ಗೆದ್ದ ಕ್ಯಾಸಿಯಸ್ ಕ್ಲೇ 1964ರಲ್ಲಿ ಪಟ್ಟವೇರಿ, ಮಹಮ್ಮದ್ ಅಲಿ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಪರಿಚಿತನಾದನು. 1968ರ ಪದಕವೀರ ಜಾರ್ಜ್ ಫೋರ್‌ಮನ್‌ಗೆ 1973ರಲ್ಲಿಯೂ, 1988ರ ಲೆನಾಕ್ಸ್ ಲೂಯಿಸ್‌ನಿಗೆ ಆಮೇಲೆಯೂ ಪಟ್ಟ ದೊರೆಯಿತು. 2012ರಲ್ಲಿ ಲಂಡನ್ನಿನಲ್ಲಿ ಪದಕ ಪಡೆದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2024ರಲ್ಲಿ ನಿರ್ವಿವಾದ ಜಗಜ್ಜಟ್ಟಿ ಎನಿಸಿಕೊಂಡನು. ಇಷ್ಟನ್ನು ಕೇಳಿದವರು ಗಾದೆಗೆ ತಲೆದೂಗದಿರಲಾರರು.

ಆದರೆ ಗೆದ್ದವರನ್ನು ಮಾತ್ರ ಎಣಿಸುವುದು ನ್ಯಾಯವಲ್ಲ. 1952ರಿಂದ 1968ರವರೆಗಿನ ಐದು ಒಲಿಂಪಿಕ್ ಕೂಟಗಳಲ್ಲಿ ಅತ್ಯಂತ ಭಾರದ ತರಗತಿಯಲ್ಲಿ ಐವರು ಸುವರ್ಣ ಪದಕ ಪಡೆದರು. ಪಟ್ಟ ದೊರೆತುದು ಜೋ ಫ್ರೇಜಿಯರ್, ಫೋರ್‌ಮನ್ ಇಬ್ಬರಿಗೆ ಮಾತ್ರ. 1956ರ ಪದಕವೀರ ಪೀಟ್ ರಾಡೆಮಾಕರ್ ತನ್ನ ವೃತ್ತಿಜೀವನದ ಮೊದಲ ಪಂದ್ಯದಲ್ಲಿಯೇ, 1957ರಲ್ಲಿ, ಜಗಜ್ಜಟ್ಟಿ ಪ್ಯಾಟರ್‌ಸನ್‌ನನ್ನು ಕೆಣಕಿದನು. ಎರಡನೆಯ ಸುತ್ತಿನಲ್ಲಿ ಅವನನ್ನು ನೆಲಕ್ಕೂ ಕೆಡವಿದನು. ಆದರೆ ಆರನೆಯ ಸುತ್ತಿನಲ್ಲಿ ತಾನೇ ನೆಲಕಚ್ಚಿದನು.

1952ರ ಅಂತಿಮ ಪಂದ್ಯದ ಕಥೆಯಂತೂ ಮನಸ್ಸನ್ನು ಕಲಕುವಂಥದು. ಅಮೆರಿಕದ ಎಡ್ ಸ್ಯಾಂಡರ್ಸ್‌ನ ಎದುರು ನಿಂತ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಹೊಡೆಯಲು ಮುಂದೆ ಬರಲೇ ಇಲ್ಲ. ಇವನು ಕಾದುತ್ತಿಲ್ಲವೆಂದು ತೀರ್ಪುಗಾರನು ಎರಡನೆಯ ಸುತ್ತಿನಲ್ಲಿ ಅವನನ್ನು ಹೊರದೂಡಿದನು; ಎರಡನೆಯವನಿಗೆ ಸಲ್ಲಬೇಕಾದ ಬೆಳ್ಳಿಯ ಪದಕವನ್ನೂ ಕೊಡಲಿಲ್ಲ. ಆ ಅವಮಾನಿತನೇ 1959ರಲ್ಲಿ ಪ್ಯಾಟರ್‌ಸನ್‌ನನ್ನು ಮೂರನೆಯ ಸುತ್ತಿನಲ್ಲಿ ಏಳು ಬಾರಿ ಕೆಡವಿ ಜಗಜ್ಜಟ್ಟಿಯಾದನು. ತಡೆಹಿಡಿದ ಬೆಳ್ಳಿಯ ಪದಕವು ಮೂವತ್ತು ವರ್ಷಗಳ ಮೇಲೆ, 1982ರಲ್ಲಿ, ಅವನ ಕೈಸೇರಿತು. ಸುವರ್ಣ ಪಡೆದ ಸ್ಯಾಂಡರ್ಸ್‌ನಾದರೋ 1954ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದ ಕಣದಲ್ಲಿ ಕುಸಿದುಬಿದ್ದು, ಮತ್ತೆ ಏಳದೆ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

ಮೊಳಕೆಯಲ್ಲಿ ಸೋತು ಬೆಳೆಯಲ್ಲಿ ಗೆದ್ದವರು ಇನ್ನೂ ಉಂಟು. ವೃತ್ತಿಯಲ್ಲಿ 49 ಪಂದ್ಯಗಳನ್ನಾಡಿ ಒಂದನ್ನೂ ಸೋಲದ ರಾಕಿ ಮಾರ್ಸಿಯಾನೊ 1948ರಲ್ಲಿ ಹವ್ಯಾಸಿಯಾಗಿದ್ದಾಗ ಕೋಲಿ ವ್ಯಾಲೇಸ್ ಎಂಬುವನಿಗೆ ಸೋತಿದ್ದನು. ವ್ಯಾಲೇಸ್‌ಗೆ ಪಟ್ಟ ದೊರೆಯಲೇ ಇಲ್ಲ. 1964ರ ಆಯ್ಕೆಯಲ್ಲಿ ಫ್ರೇಜಿಯರ್‌ನನ್ನು ಸೋಲಿಸಿದವನು ಬಸ್ಟರ್ ಮ್ಯಾಥಿಸ್. ಅವನ ಕೈಗೆ ಪೆಟ್ಟಾದುದರಿಂದ ಟೋಕಿಯೋಗೆ ಹೋಗುವ ಭಾಗ್ಯ ಫ್ರೇಜಿಯರ್‌ನಿಗೆ ಬಂದಿತು. 1984ರಲ್ಲಿ ಹೆನ್ರಿ ಟಿಲ್‌ಮನ್ ಎರಡು ಬಾರಿ ಮೈಕ್ ಟೈಸನ್‌ನನ್ನು ಸೋಲಿಸಿ, ಒಲಿಂಪಿಕ್‌ಗೆ ಹೋಗಿ ಸುವರ್ಣವನ್ನೂ ತಂದನು. ಮನೆಯಲ್ಲುಳಿದ ಟೈಸನ್ 1986ರಲ್ಲಿ, ಇಪ್ಪತ್ತು ವರ್ಷದವನಾಗಿದ್ದಾಗಲೇ, ಪಟ್ಟವೇರಿದನು. 1990ರಲ್ಲಿ ಟಿಲ್‌ಮನ್ ಮತ್ತೆ ಎದುರಾದಾಗ ಮೊದಲನೆಯ ಸುತ್ತಿನಲ್ಲಿಯೇ ಕೆಡವಿದನು.

ಹೀಗಾಗುವುದಕ್ಕೆ ಕಾರಣವೇನು? ಮೊದಲನೆಯದು ಕಾಲದ ಅಳತೆ. ಹವ್ಯಾಸಿ ಪಂದ್ಯವು ಸಾಮಾನ್ಯವಾಗಿ ಮೂರು ಮೂರು ನಿಮಿಷದ ಮೂರು ಸುತ್ತು, ಎಂದರೆ ಒಂಬತ್ತು ನಿಮಿಷದ ಕೆಲಸ. ಪಟ್ಟದ ಪಂದ್ಯ ಹಿಂದೆ ಹದಿನೈದು ಸುತ್ತು ನಡೆಯುತ್ತಿದ್ದಿತು. ಈಗ ಹನ್ನೆರಡು ಸುತ್ತು, ಮೂವತ್ತಾರು ನಿಮಿಷ. ಚುರುಕಾಗಿ ಹೊಡೆದು ಅಂಕ ಗಳಿಸುವವನು ಮೊದಲನೆಯದರಲ್ಲಿ ಗೆಲ್ಲಬಹುದು. ಎರಡನೆಯದಕ್ಕೆ ಪೆಟ್ಟು ತಿಂದೂ ನಿಲ್ಲುವ ಸಹನೆ ಬೇಕು, ದಣಿದ ತೋಳಿನಲ್ಲಿಯೂ ಬಲ ಉಳಿದಿರಬೇಕು. ಎರಡನೆಯದು ವಯಸ್ಸು. ಭಾರದ ಜಟ್ಟಿಯ ಮೈ ತಡವಾಗಿ ಬಲಿಯುವುದು. ಹದಿನೆಂಟರಲ್ಲಿ ಸೋತವನು ಇಪ್ಪತ್ತೈದರಲ್ಲಿ ಬೇರೆಯೇ ಆಳು. ಮೂರನೆಯದು ಸಂದರ್ಭ. ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್ 1972, 1976, 1980ರಲ್ಲಿ ಸಾಲಾಗಿ ಮೂರು ಸುವರ್ಣಗಳನ್ನು ಗೆದ್ದರೂ, ಅವನ ದೇಶದಲ್ಲಿ ವೃತ್ತಿ ಪಂದ್ಯಗಳಿಗೆ ನಿಷೇಧವಿದ್ದಿತು. ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದನು. ಮೊಳಕೆ ಚೆನ್ನಾಗಿದ್ದರೂ ಆ ಹೊಲದಲ್ಲಿ ಆ ಬೆಳೆಗೆ ಎಡೆಯಿರಲಿಲ್ಲ.

ಪದಕವು ವ್ಯರ್ಥವೆಂದು ನಾವು ಹೇಳುವುದಿಲ್ಲ. ಅದನ್ನು ಪಡೆದವನಿಗೆ ವಿದ್ಯೆಯುಂಟು, ಅಭ್ಯಾಸವುಂಟು; ಹಣ ಹಾಕುವವರೂ ಬೇಗ ದೊರೆಯುತ್ತಾರೆ. ಇದರಿಂದ ಹಾದಿ ಸುಗಮವಾಗುವುದು, ಆದರೆ ನಡೆಯುವ ಕೆಲಸ ಉಳಿದೇ ಇರುವುದು. ಒಂಬತ್ತು ನಿಮಿಷದ ಪರೀಕ್ಷೆಯು ಮೂವತ್ತಾರು ನಿಮಿಷದ ಪರೀಕ್ಷೆಗೆ ಪೂರ್ತಿಯಾಗಿ ಸಾಕ್ಷಿ ನುಡಿಯಲಾರದು.

ಬೇಸಗೆಯ ಪರೀಕ್ಷೆಗಳ ಫಲ ಬಂದಾಗ ಈ ಮಾತನ್ನು ಗೃಹಸ್ಥರು ನೆನೆಯುವುದೊಳ್ಳೆಯದು. ಮೂರು ಗಂಟೆಯ ಉತ್ತರಪತ್ರಿಕೆಯಿಂದ ಮೂವತ್ತು ವರ್ಷಗಳ ಬಾಳನ್ನು ಅಳೆಯಹೊರಟರೆ, ಗೆದ್ದ ಮಗುವಿನ ತಲೆಯ ಮೇಲೆ ಹೊರಲಾರದ ಹೊರೆಯನ್ನೂ, ಸೋತ ಮಗುವಿನ ಹಣೆಗೆ ಅಳಿಸಲಾರದ ಗುರುತನ್ನೂ ನಾವೇ ಇಟ್ಟಂತಾಗುವುದು. ಮೊಳಕೆಯನ್ನು ನೋಡಿ ಸಂತೋಷಪಡೋಣ. ಒಣಗಿದಂತೆ ಕಂಡ ಸಸಿಗೂ ನೀರೆರೆಯುವುದನ್ನು ಬಿಡದಿರೋಣ.