ಆರು ಕೂಡಿ ಒಂದಾಗುವ ಗೊಂಬೆ



ಹಳೆಯ ಆಟಿಕೆಗಳನ್ನು ಸಂಗ್ರಹಿಸುವುದು ಈಚೆಗೆ ಶ್ರೀಮಂತ ದೇಶಗಳಲ್ಲಿ ಒಂದು ಗಂಭೀರ ವ್ಯವಹಾರವೇ ಆಗಿದೆ. ಸಂಗ್ರಾಹಕರು ಗೊಂಬೆಗಿಂತ ಮೊದಲು ಅದರ ಪೆಟ್ಟಿಗೆಯನ್ನು ನೋಡುವರು. ಪೆಟ್ಟಿಗೆಯ ಅಂಟು ಬಿಚ್ಚದೆ ಇದ್ದರೆ ಬೆಲೆ ಏರುವುದು. ಮಗುವೊಂದು ಅದನ್ನು ಬಿಚ್ಚಿ ಆಡಿದ್ದರೆ ಇಳಿಯುವುದು. ಉಳಿದ ಗೊಂಬೆಗಳ ಮಟ್ಟಿಗೆ ಈ ಲೆಕ್ಕ ಸರಿಯೋ ತಪ್ಪೋ, ಅದು ಅವರವರಿಗೆ ಬಿಟ್ಟದ್ದು. ಆದರೆ ಹಲವು ಸೇರಿ ಒಂದಾಗುವ ಯಂತ್ರಮಾನವ ಗೊಂಬೆಗೆ ಈ ಅಳತೆಗೋಲು ಸಲ್ಲದೆಂಬುದು ನಮ್ಮ ಅಭಿಮತ. ಅದರ ಗುಣವಿರುವುದು ಕೂಡುವ ಕೀಲಿನಲ್ಲಿ. ಕೂಡಿಸದೆ ಕೀಲಿನ ಗುಣವನ್ನು ಅರಿಯುವುದೆಂತು?

ಇಂಥ ಗೊಂಬೆಗಳ ತವರು ಜಪಾನ್. ಐದು ವಾಹನಗಳು ಸೇರಿ ಒಬ್ಬ ಮಹಾಕಾಯನಾಗುವ 'ಕಾಂಬ್ಯಾಟ್ಲರ್ ವಿ' ಎಂಬ ಚಿತ್ರಸರಣಿ ಅಲ್ಲಿನ ದೂರದರ್ಶನದಲ್ಲಿ 1976ರಲ್ಲಿಯೇ ಬಂದಿತ್ತು. ಅದರ ಆಟಿಕೆಗಳೂ ಮಾರಾಟವಾದವು. ಬಳಿಕ ಟಕಾರಾ ಎಂಬ ಸಂಸ್ಥೆಯು ತಯಾರಿಸುತ್ತಿದ್ದ ರೂಪ ಬದಲಿಸುವ ಗೊಂಬೆಗಳನ್ನು ಅಮೆರಿಕದ ಹ್ಯಾಸ್ಬ್ರೋ ಸಂಸ್ಥೆಯು 1984ರಲ್ಲಿ 'ಟ್ರಾನ್ಸ್‌ಫಾರ್ಮರ್ಸ್' ಎಂಬ ಹೆಸರಿನಲ್ಲಿ ತನ್ನ ದೇಶದ ಅಂಗಡಿಗಳಿಗೆ ತಂದಿತು. ನಾವು ಈ ತಿಂಗಳು ಹೇಳಹೊರಟಿರುವ 'ಡಿವಾಸ್ಟೇಟರ್' ಅಲ್ಲಿ ಮಾರಾಟಕ್ಕೆ ಬಂದದ್ದು 1985ರಲ್ಲಿ.

ಇದರಲ್ಲಿರುವ ಬಿಡಿ ಗೊಂಬೆಗಳು ಆರು. ಆರೂ ಕಟ್ಟಡ ಕೆಲಸದ ಯಂತ್ರಗಳು. ಮೈಬಣ್ಣ ಹಸಿರು, ನಡುನಡುವೆ ನೇರಳೆ. ಮಣ್ಣು ತುಂಬುವ ಲೋಡರ್ ಸ್ಕ್ರ್ಯಾಪರ್, ಕ್ರೇನ್ ಹುಕ್, ಬುಲ್ಡೋಜರ್ ಬೋನ್‌ಕ್ರಷರ್, ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯದಾದರೂ 'ಹಿಟಾಚಿ' ಎಂದೇ ಕರೆಯುವ ಅಗೆಯುವ ಯಂತ್ರ ಸ್ಕ್ಯಾವೆಂಜರ್, ಟಿಪ್ಪರ್ ಲಾಂಗ್ ಹಾಲ್, ಕಾಂಕ್ರೀಟ್ ಕಲಸುವ ಲಾರಿ ಮಿಕ್ಸ್‌ಮಾಸ್ಟರ್. ಪ್ರತಿಯೊಂದನ್ನು ಮಡಚಿ ತಿರುಗಿಸಿದರೆ ಒಬ್ಬ ಯಂತ್ರಮಾನವ ನಿಲ್ಲುವನು. ಆರನ್ನೂ ಜೋಡಿಸಿದರೆ ಒಬ್ಬ ದೈತ್ಯ. ಮಿಕ್ಸ್‌ಮಾಸ್ಟರ್ ಎಡಗಾಲು, ಸ್ಕ್ರ್ಯಾಪರ್ ಬಲಗಾಲು, ಲಾಂಗ್ ಹಾಲ್ ನಡು, ಹುಕ್ ಎದೆ, ಬೋನ್‌ಕ್ರಷರ್ ಎಡಗೈ, ಸ್ಕ್ಯಾವೆಂಜರ್ ಬಲಗೈ. ಕಟ್ಟುವ ಕಾಯಕದ ಆರು ಯಂತ್ರಗಳು ಒಂದಾದೊಡನೆ ಕೆಡಹುವವನು ಎಂಬ ಹೆಸರು ಪಡೆಯುವುದು ನಮಗೇನೋ ವಿಪರೀತವಾಗಿಯೇ ಕಂಡಿತು. ಹೆಸರಿಟ್ಟವರು ವ್ಯಾಪಾರಿಗಳು, ಮಕ್ಕಳ ಮನಸ್ಸು ಯಾವುದಕ್ಕೆ ಎಳೆಯುವುದೆಂಬುದನ್ನು ಅವರು ಬಲ್ಲರು.

ಗೊಂಬೆಯ ಗುಣಕ್ಕೆ ಬರೋಣ. ಬಿಡಿಯಾಗಿ ನೋಡಿದರೆ ಆರೂ ವಾಹನವಾಗಿ ಚೆಲುವಾಗಿವೆ, ಯಂತ್ರಮಾನವರಾಗಿ ಸಾಧಾರಣ. ಕೈಕಾಲುಗಳ ಚಲನೆ ತೀರ ಕಡಿಮೆ. ಕೂಡಿದ ದೈತ್ಯನು ಮೊಣಕಾಲು ಮಡಿಸಲಾರನು, ಕಂಬದಂತೆ ನಿಲ್ಲುವನು. ಇಷ್ಟಾದರೂ ಅವನ ನಿಲುವಿನಲ್ಲಿ ಒಂದು ಗಾಂಭೀರ್ಯವಿದೆ. ಕಾರಣವಿಷ್ಟೆ: ಇದರಲ್ಲಿ ಯಾವ ಗೊಂಬೆ ಯಾವ ಅಂಗವಾಗಬೇಕೆಂಬುದು ಮೊದಲೇ ಗೊತ್ತು ಮಾಡಿದ್ದು, ಆ ಅಂಗಕ್ಕೆ ತಕ್ಕಂತೆಯೇ ಅದರ ಆಕಾರ. ಇದೇ ಮಾಲಿಕೆಯಲ್ಲಿ ಮರುವರ್ಷ ಬಂದ 'ಸುಪೀರಿಯನ್', 'ಮೆನಾಸರ್' ಮೊದಲಾದವುಗಳಲ್ಲಿ ನಡುವಿನ ದೊಡ್ಡ ಗೊಂಬೆಯೊಂದಕ್ಕೆ ಸುತ್ತಲ ನಾಲ್ಕು ಚಿಕ್ಕವನ್ನು ಹೇಗೆ ಬೇಕಾದರೂ ಸಿಕ್ಕಿಸಬಹುದು. ಇಂದಿನ ಕೈ ನಾಳೆ ಕಾಲು. ಮಕ್ಕಳಿಗೆ ಅದು ಹೆಚ್ಚು ಸಂತೋಷ ಕೊಡಬಹುದು. ಆದರೆ ಅಲ್ಲಿ ಒಂದು ಚಿಕ್ಕ ಗೊಂಬೆ ಕಳೆದರೆ ಬೇರೊಂದನ್ನು ತಂದು ಸಿಕ್ಕಿಸಿ ಸುಧಾರಿಸಬಹುದು. ಡಿವಾಸ್ಟೇಟರನಲ್ಲಿ ಹಾಗಿಲ್ಲ. ಒಬ್ಬನು ಹೋದರೆ ಅವನ ಸ್ಥಾನಕ್ಕೆ ಉಳಿದ ಐವರಲ್ಲಿ ಯಾರೂ ಬರಲಾರರು.

ಬೆಲೆಯ ಪ್ರಶ್ನೆ ತೊಡಕಾಗುವುದು ಇಲ್ಲಿಯೇ. ಹುಬ್ಬಳ್ಳಿಯ ತಾಯಿಯೊಬ್ಬರು ನಮಗೆ ಬರೆದ ಪತ್ರವು ಈ ಬರಹಕ್ಕೆ ನಿಮಿತ್ತ. ಅವರ ಯಜಮಾನರು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾಗ ಇಬ್ಬರು ಗಂಡುಮಕ್ಕಳಿಗಾಗಿ ಈ ಆರನ್ನು ಒಂದೊಂದಾಗಿ ಕೊಂಡಿದ್ದರು. ಈಗ ಯಜಮಾನರು ಲಿಂಗೈಕ್ಯರಾಗಿದ್ದಾರೆ. ಹೊಲ ಮನೆಗಳ ಪಾಲು ಒಂದು ಕಟುಮಾತಿಲ್ಲದೆ ಮುಗಿಯಿತು. ಗೊಂಬೆಗಳಲ್ಲಿ ನಾಲ್ಕು ಹಿರಿಯರ ಬಳಿ, ಟಿಪ್ಪರೂ ಕಾಂಕ್ರೀಟ್ ಲಾರಿಯೂ ಕಿರಿಯರ ಬಳಿ. ಒಳ್ಳೆಯ ಬೆಲೆ ಬರುವುದೆಂದು ಹಿರಿಯರು ಮಾರಲು ಹೊರಟರು. ಕಿರಿಯರು ತಮ್ಮ ಎರಡನ್ನು ಕೊಡಲೊಲ್ಲರು. ಐವತ್ತರ ಹತ್ತಿರಕ್ಕೆ ಬಂದ ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ತಿಂಗಳಾಯಿತೆಂದು ಆ ತಾಯಿ ಬರೆದಿದ್ದರು. ನಾಲ್ಕಕ್ಕೆ ನಾಲ್ಕು ಪಾಲು, ಎರಡಕ್ಕೆ ಎರಡು ಪಾಲು ಎಂದು ಬೆಲೆ ಹಂಚಬಹುದೇ ಎಂಬುದು ಅವರ ಪ್ರಶ್ನೆ.

ಹಂಚಲಾಗದು. ಹಿರಿಯರ ನಾಲ್ಕನ್ನು ಜೋಡಿಸಹೊರಟರೆ ಎರಡು ಕೈ, ಒಂದು ಎದೆ, ಒಂದು ಕಾಲು, ನಡುವೇ ಇಲ್ಲ. ಕೈ ಎದೆಗೆ ಸೇರೀತು, ಎದೆ ಕಾಲಿಗೆ ಸೇರದು. ಕಿರಿಯರ ಬಳಿ ಇರುವುದು ಎರಡೇ ಆದರೂ ಅವುಗಳಲ್ಲಿ ಒಂದು ಇಡೀ ಭಾರವನ್ನು ಹೊರುವ ನಡು. ಕೊಳ್ಳುವವರೂ ಇದನ್ನು ಬಲ್ಲರು. ಆರು ಬಿಡಿ ಗೊಂಬೆಗಳಿಗೆ ಕೊಡುವ ಹಣಕ್ಕಿಂತ ಪೂರ್ಣವಾದ ಒಂದು ಜೋಡಣೆಗೆ ಅವರು ಹೆಚ್ಚು ಕೊಡುವುದು ಅದಕ್ಕಾಗಿಯೇ. ಆ ಹೆಚ್ಚುವರಿ ಹಣವು ನಾಲ್ಕರದೂ ಅಲ್ಲ, ಎರಡರದೂ ಅಲ್ಲ.

ಇನ್ನೊಂದು ವಿಷಯವನ್ನು ಆ ಸಹೋದರರಿಗಾಗಿಯೇ ಬರೆಯುತ್ತೇವೆ. ಈ ಗೊಂಬೆಗಳ ಜೊತೆಗೆ ಒಬ್ಬೊಬ್ಬನ ಸ್ವಭಾವವನ್ನು ತಿಳಿಸುವ ಚಿಕ್ಕ ಬರಹವೂ ಇರುತ್ತಿತ್ತು. ಅವುಗಳಲ್ಲಿ ಬಹುಪಾಲು ಬಾಬ್ ಬುಡಿಯಾನ್ಸ್ಕಿ ಎಂಬ ಲೇಖಕರು ರಚಿಸಿದವು. ಟಿಪ್ಪರಿಗೆ ತನ್ನ ಕೆಲಸ ಬರಿಯ ಹೊರೆ ಹೊರುವುದೆಂಬ ಅಸಮಾಧಾನ. ಅವನಿಲ್ಲದೆ ಮಾತ್ರ ಏನೂ ನಡೆಯದು. ಅಗೆಯುವವನಿಗೆ ಏನಾದರೊಂದು ಅಮೂಲ್ಯವಾದದ್ದನ್ನು ಅಗೆದು ತೆಗೆದು ತನ್ನ ಯೋಗ್ಯತೆಯನ್ನು ಉಳಿದವರಿಗೆ ತೋರಿಸುವ ಹಂಬಲ. ಕೂಡಿದ ದೈತ್ಯನಿಗಂತೂ ಬಲ ಅಪಾರ, ಬುದ್ಧಿ ಮಂದ. ಏಕೆಂದರೆ ಆರು ಮನಸ್ಸುಗಳೂ ಒಪ್ಪಿದ್ದನ್ನು ಮಾತ್ರ ಅವನು ಯೋಚಿಸಬಲ್ಲನು. ಮಕ್ಕಳ ಗೊಂಬೆಗೆ ಇಷ್ಟು ಯೋಚಿಸಿ ಬರೆದವರನ್ನು ನಾವು ಮೆಚ್ಚಿದೆವು. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸದನ್ನೇ ಕೊಳ್ಳಬಾರದೇಕೆ ಎಂದು ಕೇಳುವವರುಂಟು. ಹ್ಯಾಸ್ಬ್ರೋದವರು 2015ರಲ್ಲಿ ಇದೇ ದೈತ್ಯನನ್ನು ಹೊಸದಾಗಿ ರೂಪಿಸಿದರು. ಎತ್ತರ 18 ಅಂಗುಲ. ಮೊಣಕಾಲು ಮಡಿಯುವುದು, ನಿಲುವೂ ಭವ್ಯ. ಆದರೆ ಅವರು ದೈತ್ಯನ ಕಡೆಗೇ ಹೆಚ್ಚು ಲಕ್ಷ್ಯವಿಟ್ಟು ಬಿಡಿಯವರನ್ನು ಬಡವಾಗಿಸಿದರು. ಮೊಣಕೈ ಮಡಿಸಲಾರದ ಯಂತ್ರಮಾನವರವು. ಜಪಾನಿನವರು ತಮ್ಮ ದೇಶಕ್ಕಾಗಿ ಹೊರಡಿಸಿದ ಆವೃತ್ತಿಯಲ್ಲಿ ಆ ಕೊರತೆಯನ್ನು ತುಂಬಿ ಮೊಣಕೈಗಳನ್ನು ಕೊಟ್ಟರು. ಎರಡರಲ್ಲಿ ಜಪಾನಿನದೇ ಮೇಲೆಂಬುದು ನಮ್ಮ ತೀರ್ಮಾನ. ಕೂಡಿದಾಗ ಮಾತ್ರ ಚೆನ್ನಾಗಿದ್ದು, ಬೇರೆಯಾದಾಗ ಕೈಯೆತ್ತಲೂ ಬಾರದ ಅಂಗಗಳುಳ್ಳ ಗೊಂಬೆಯನ್ನು ಉತ್ತಮವೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನವರು ದೋಣಿಯ ಕಾಯಕವನ್ನು ಬಿಟ್ಟು ಬಂದು ಕುಳಿತವರಲ್ಲ, ನುಲಿಯ ಚಂದಯ್ಯನವರು ಹಗ್ಗ ಹೊಸೆಯುವುದನ್ನು ಬಿಟ್ಟವರಲ್ಲ. ಗೊಂಬೆಯ ಮಾತಿನಲ್ಲಿ ಶರಣರನ್ನು ತಂದುದಕ್ಕೆ ಹಿರಿಯರು ಮನ್ನಿಸಬೇಕು. ಒಪ್ಪುವ ಬೇರೆ ನಿದರ್ಶನ ನಮಗೆ ತೋಚಲಿಲ್ಲ.

ಹಳೆಯದನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದದ್ದು ಬಿಡಿ ಚೂರುಗಳನ್ನು. ದೈತ್ಯನ ಮುಷ್ಟಿಗಳು, ಎದೆಯ ಕವಚ, ಜೋಡಿಸುವ ಸಣ್ಣಪುಟ್ಟ ತುಂಡುಗಳು ಯಾವ ವಾಹನದ ಮೈಯಲ್ಲೂ ಅಡಗುವುವಲ್ಲ, ಪ್ರತ್ಯೇಕವಾಗಿ ಇಡಬೇಕು. ಆದುದರಿಂದ ಮಕ್ಕಳಿರುವ ಮನೆಯಲ್ಲಿ ಮೊದಲು ಕಳೆಯುವುದೂ ಅವೇ. ಬಳಿಕ ಕೀಲುಗಳನ್ನು ನೋಡಬೇಕು: ಬಿಗಿಯಾಗಿವೆಯೇ, ಬಿಳಿಚಿದ ಗೆರೆ ಮೂಡಿದೆಯೇ ಎಂದು. ಪ್ಲಾಸ್ಟಿಕ್ಕಿನಲ್ಲಿ ಆ ಬಿಳಿ ಗೆರೆಯು ಮುರಿಯುವ ಮುನ್ಸೂಚನೆ. ನಕಲಿಗಳೂ ಹೇರಳವಾಗಿವೆ, ತಯಾರಕರ ಅಚ್ಚುಮುದ್ರೆಯಿದ್ದ ಮಾತ್ರಕ್ಕೆ ನಂಬಬಾರದು, ಬಲ್ಲವರಿಗೆ ತೋರಿಸಬೇಕು.

ಆ ತಾಯಿಯವರ ಇಚ್ಛೆಯಂತೆ ಆರೂ ಗೊಂಬೆಗಳನ್ನು ನಮ್ಮ ಮೇಜಿನ ಮೇಲೆ ಇರಿಸಿ ನೋಡಿದೆವು. ಅಣ್ಣನಿಗೆ ಜೋಡಣೆಯ ಕ್ರಮ ಮರೆತಿತ್ತು, ತಮ್ಮನಿಗೆ ನೆನಪಿತ್ತು. ಎಡಗೈಯ ಮುಷ್ಟಿಯೊಂದು ಇಲ್ಲ. ಈಗ ಹೊಸದಾಗಿ ಮಾಡಿದ ಬದಲಿ ಮುಷ್ಟಿಗಳು ದೊರೆಯುತ್ತವೆ. ಆಡುವುದಕ್ಕೆ ಅವು ಸಾಕು. ಮುಂದೆಂದಾದರೂ ಮಾರುವುದಾದರೆ ಅದು ಬದಲಿಯೆಂದು ಕೊಳ್ಳುವವರಿಗೆ ಮೊದಲೇ ತಿಳಿಸಬೇಕೆಂದು ಹೇಳಿದ್ದೇವೆ. ಸದ್ಯಕ್ಕೆ ಆರನ್ನೂ ಒಂದೇ ಡಬ್ಬಿಯಲ್ಲಿ, ಬಿಸಿಲು ತಾಗದ ಕಡೆ, ತಾಯಿಯವರ ಬಳಿಯೇ ಇಡಲು ಇಬ್ಬರೂ ಒಪ್ಪಿದ್ದಾರೆ.