ಓದಲಾಗದ ನಿಯಮ, ತಪ್ಪಿಸಿಕೊಳ್ಳಲಾಗದ ದಂಡ



ಇಂದು ನಮ್ಮ ಹಳ್ಳಿಗಳಲ್ಲಿ ಬ್ಯಾಟರಿಯಿಲ್ಲದ ಮನೆ ವಿರಳ. ಟ್ರ್ಯಾಕ್ಟರು, ಆಟೋರಿಕ್ಷಾ, ವಿದ್ಯುತ್ತು ಕೈಕೊಟ್ಟಾಗ ಮಕ್ಕಳ ಪಾಠಕ್ಕೆ ಬೆಳಕೀಯುವ ಇನ್ವರ್ಟರು, ಇವೆಲ್ಲಕ್ಕೂ ಬ್ಯಾಟರಿಯೇ ಪ್ರಾಣ. ಮಂಜೇಶ್ವರದಿಂದ ಮಡಕಶಿರದವರೆಗೆ, ತಾಳವಾಡಿಯಿಂದ ಅಕ್ಕಲಕೋಟೆಯವರೆಗೆ, ಬಸ್ಸು ನಿಲ್ಲುವ ಕೂಡುರಸ್ತೆಯಲ್ಲಿ ಒಂದು ಬ್ಯಾಟರಿ ಅಂಗಡಿಯನ್ನು ಕಾಣಬಹುದು. ಅದನ್ನು ನಡೆಸುವಾತನು ಪರಕೀಯನಲ್ಲ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹುಡುಗನೇ. ಆತನ ವ್ಯಾಪಾರವನ್ನು ಕಟ್ಟುವ ಕಾನೂನೊಂದಿದೆ. ಅದನ್ನು ಆತನು ಓದಿಲ್ಲ. ಇದಕ್ಕೆ ಕಾರಣ ಸೋಮಾರಿತನವಲ್ಲ. ಆತನು ಓದಬಲ್ಲ ಭಾಷೆಯಲ್ಲಿ ಅದು ಆತನ ಅಂಗಡಿಯ ಬಾಗಿಲಿಗೆ ಬಂದೇ ಇಲ್ಲ.

ಆ ಕಾನೂನು ಯಾವುದು? 2001ರಲ್ಲಿ ಕೇಂದ್ರ ಸರಕಾರವು ಬ್ಯಾಟರಿಗಳ ವಿಷಯದಲ್ಲಿ ನಿಯಮಗಳನ್ನು ಹೊರಡಿಸಿತು. ಅವು ಸೀಸ ಮತ್ತು ಆಮ್ಲದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರ ಆಗಸ್ಟಿನಲ್ಲಿ ಅವುಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಕೈಗಡಿಯಾರದ ಬಿಲ್ಲೆಯಿಂದ ವಿದ್ಯುತ್ ವಾಹನದ ಲಿಥಿಯಂ ಪೆಟ್ಟಿಗೆಯವರೆಗೆ ಎಲ್ಲ ಬಗೆಯ ಬ್ಯಾಟರಿಗಳೂ ಅವುಗಳ ಅಧೀನವಾದವು. ಅಲ್ಲಿಗೆ ಮುಗಿಯಿತೇ? 2023ರಲ್ಲಿ ತಿದ್ದುಪಡಿ, 2024ರಲ್ಲಿ ತಿದ್ದುಪಡಿ, 2025ರಲ್ಲಿ ಮತ್ತೊಂದು ತಿದ್ದುಪಡಿ. ನಿನ್ನೆಯ ನಿಯಮವನ್ನು ಕಂಠಪಾಠ ಮಾಡಿದವನು ಇಂದು ತಪ್ಪಿತಸ್ಥನಾಗಬಹುದು. ಇಷ್ಟೆಲ್ಲವೂ ಅಚ್ಚಾಗಿರುವುದು ಭಾರತ ಸರಕಾರದ ರಾಜ್ಯಪತ್ರದಲ್ಲಿ, ಹಿಂದಿ ಮತ್ತು ಇಂಗ್ಲಿಷುಗಳಲ್ಲಿ.

'ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು, ನಮಗೇನು?' ಎಂದು ಹಲವರು ಕೇಳುತ್ತಾರೆ. ಇಲ್ಲಿಯೇ ಅಪಾಯವಿರುವುದು. ಈ ನಿಯಮಗಳಲ್ಲಿ 'ಉತ್ಪಾದಕ' ಎಂಬ ಶಬ್ದಕ್ಕಿರುವ ಅರ್ಥವು ನಾವು ತಿಳಿದ ಅರ್ಥವಲ್ಲ. ಕಾರಖಾನೆ ಇಟ್ಟವನು ಮಾತ್ರ ಉತ್ಪಾದಕನಲ್ಲ. ಬೇರೆಯವರು ತಯಾರಿಸಿದ ಬ್ಯಾಟರಿಗೆ ತನ್ನ ಹೆಸರಿನ ಮುದ್ರೆ ಹಾಕಿ ಮಾರಿದವನೂ ಉತ್ಪಾದಕನೇ. ಹಳೆಯ ಬ್ಯಾಟರಿಯನ್ನು ನವೀಕರಿಸಿ ಸ್ವಂತ ಹೆಸರಿನ ಚೀಟಿ ಅಂಟಿಸಿ ಮಾರಿದವನೂ ಉತ್ಪಾದಕನೇ. ತಂದೆಯ ನೆನಪಿಗೆಂದೋ ಮನೆದೇವರ ಭಕ್ತಿಯಿಂದಲೋ ಒಂದು ಹೆಸರನ್ನು ಅಂಟಿಸಿದ ಹುಡುಗನು, ತನಗೆ ಅರಿವಿಲ್ಲದೆಯೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕಾದ ಹೊಣೆಯನ್ನು ಹೊತ್ತುಕೊಳ್ಳುತ್ತಾನೆ. ಮಾರಿದಷ್ಟಕ್ಕೆ ತಕ್ಕಂತೆ ಹಳೆಯ ಬ್ಯಾಟರಿಗಳು ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವುದೂ, ವರ್ಷ ವರ್ಷವೂ ಲೆಕ್ಕವನ್ನೊಪ್ಪಿಸುವುದೂ ಆತನ ಪಾಲಿಗೆ ಬೀಳುತ್ತವೆ. ಬ್ಯಾಟರಿಗಳನ್ನು ನವೀಕರಿಸುವ ಉದ್ಯೋಗ ಮಾಡುವವರೂ, ಒಡೆದು ಸೀಸ ತೆಗೆಯುವವರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ತಪ್ಪಿದವರು ಪರಿಸರ ಪರಿಹಾರವೆಂಬ ಹೆಸರಿನಲ್ಲಿ ಹಣ ತೆರಬೇಕಾಗುತ್ತದೆ.

ಹಾಗಾದರೆ ಈ ಕಾನೂನು ಕೆಟ್ಟದ್ದೇ? ಅಲ್ಲ, ಸರ್ವಥಾ ಅಲ್ಲ. ವಾಹನದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸೀಸ. ಸೀಸವು ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ. ಅದು ಧೂಳಿನೊಡನೆ ಮಗುವಿನ ಬಾಯಿ ಸೇರಿ, ರಕ್ತ ಸೇರಿ, ಮೂಳೆಯಲ್ಲಿ ಮನೆ ಮಾಡಿ, ಬೆಳೆಯುವ ಬುದ್ಧಿಯನ್ನೇ ಕುಂದಿಸುತ್ತದೆ. ಇಷ್ಟು ಸೀಸದಿಂದ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಆಫ್ರಿಕದ ಸೆನೆಗಲ್ ದೇಶದ ಡಾಕರ್ ನಗರದ ಅಂಚಿನ ಒಂದು ಬಡಾವಣೆಯಲ್ಲಿ ಹಳೆಯ ಬ್ಯಾಟರಿಗಳಿಂದ ಸೀಸ ತೆಗೆಯುವ ಕೆಲಸ ನಡೆದಿತ್ತು. ಅಲ್ಲಿ 2007ರ ಕೊನೆಯಿಂದ 2008ರ ಆರಂಭದೊಳಗೆ 18 ಮಕ್ಕಳು ಸತ್ತರು. ಅವರು ಕಳ್ಳತನ ಮಾಡಿದವರಲ್ಲ, ವ್ಯಾಪಾರ ಮಾಡಿದವರಲ್ಲ, ಮನೆಯಂಗಳದಲ್ಲಿ ಆಡಿದವರು.

ಇಂತಹ ವಿಷವನ್ನು ತಡೆಯುವ ಕಾನೂನು ಜನರಿಗೆ ತಿಳಿಯದಿದ್ದರೆ ಲಾಭವಾಗುವುದು ಯಾರಿಗೆ? ಹಳ್ಳದ ಮರೆಯಲ್ಲಿ ಕುಲುಮೆ ಹೂಡಿ ಸೀಸ ಕರಗಿಸುವವನಿಗೆ. ಆತನು ಹೊಗೆ ಸೋಸುವುದಿಲ್ಲ, ಆಮ್ಲವನ್ನು ಶುದ್ಧಿಗೊಳಿಸದೆ ನೆಲಕ್ಕೆ ಚೆಲ್ಲುತ್ತಾನೆ, ಆಳಿನ ಆರೋಗ್ಯಕ್ಕೆ ಕಾಸು ಖರ್ಚು ಮಾಡುವುದಿಲ್ಲ. ಆದುದರಿಂದಲೇ ಹಳೆಯ ಬ್ಯಾಟರಿಗೆ ನೋಂದಾಯಿತ ಕಾರಖಾನೆಗಿಂತ ಹೆಚ್ಚು ಬೆಲೆಯನ್ನು ನಗದಾಗಿ ಕೊಡಬಲ್ಲನು. ನಿಯಮವರಿಯದ ಅಂಗಡಿಯವನು ಆ ಹೆಚ್ಚಿನ ಬೆಲೆಗೆ ಮಾರಿ ತನ್ನ ಊರಿನ ಬಾವಿಗೇ ವಿಷವಿಕ್ಕುತ್ತಾನೆ. ನಿಯಮ ಪಾಲಿಸಹೊರಟವನು ಇಂಗ್ಲಿಷಿನ ನಮೂನೆ ತುಂಬಿಸಲು ಪಟ್ಟಣದ ದಲ್ಲಾಳಿಗೆ ಹಣ ಸುರಿಯುತ್ತಾನೆ. ಪ್ರಾಮಾಣಿಕನು ಬಡವನಾಗಿ ಕಳ್ಳನು ಕೊಬ್ಬುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕೇ?

'ರಾಜ್ಯಪತ್ರದಲ್ಲಿ ಪ್ರಕಟವಾಗಿದೆ, ಕಾನೂನು ತಿಳಿಯದೆಂಬ ನೆಪ ನಡೆಯದು' ಎಂದು ಅಧಿಕಾರಿಗಳು ಹೇಳಬಹುದು. ಒಪ್ಪಿದೆವು. ಆದರೆ ತಿಳಿಯದೆಂಬ ನೆಪವು ಪ್ರಜೆಗೆ ಸಲ್ಲದಾದರೆ, ತಿಳಿಸಲಿಲ್ಲವೆಂಬ ದೋಷವು ಸರಕಾರಕ್ಕೆ ಸಲ್ಲುವುದೇ? ಒಂದು ಜಿಲ್ಲೆಯಲ್ಲಾಗಲಿ ಅದರ ಕೆಳಗಿನ ವಿಭಾಗದಲ್ಲಾಗಲಿ ಶೇಕಡಾ 15ರಷ್ಟು ಜನರು ಆಡುವ ಭಾಷೆಯಲ್ಲಿ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಹೊರಡಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಅಖಿಲ ಭಾರತ ಮಟ್ಟದ ವಚನ. ರಾಜ್ಯಾಂಗದ 350ನೆಯ ವಿಧಿಯು, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಅರ್ಜಿ ಕೊಡುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ನಿಯಮಪತ್ರವನ್ನು ಕೇಳುವುದು ಭಿಕ್ಷೆಯಲ್ಲ. ಕೊಟ್ಟ ಮಾತನ್ನು ನೆನಪಿಸುವುದು.

ಆದರೆ ಬಂಧುಗಳೇ, ಸರಕಾರವನ್ನು ದೂರಿ ನಾವು ಕೈಕಟ್ಟಿ ಕುಳಿತರೆ ಸೀಸವು ನಮಗಾಗಿ ಕಾಯುವುದಿಲ್ಲ. ಪ್ರತಿ ಊರಿನಿಂದಲೂ ಕನ್ನಡದಲ್ಲಿ ಒಂದು ಅರ್ಜಿ ನಿಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ: ನಿಯಮಗಳೂ ನಮೂನೆಗಳೂ ನೋಂದಾಯಿತ ಮರುಬಳಕೆದಾರರ ಪಟ್ಟಿಯೂ ಕನ್ನಡದಲ್ಲಿ ಬೇಕೆಂದು. ಅದು ಬರುವವರೆಗೆ ಊರಿನ ಇಂಗ್ಲಿಷು ಬಲ್ಲ ತರುಣರು ಅಂಗಡಿಯವರೊಡನೆ ಕುಳಿತು ನಿಯಮಗಳನ್ನು ಓದಿ ಹೇಳಲಿ. ಅಂಗಡಿಯವನು ಪರರ ಸರಕಿಗೆ ತನ್ನ ಹೆಸರು ಅಂಟಿಸುವ ಮುನ್ನ ನೂರು ಸಲ ಯೋಚಿಸಲಿ. ಹಳೆಯ ಬ್ಯಾಟರಿಯನ್ನು ನೋಂದಾಯಿತರಿಗೇ ಕೊಟ್ಟು ರಸೀದಿ ಪಡೆದು ಜೋಪಾನವಾಗಿಡಲಿ. ಗೃಹಸ್ಥರು ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದಿರಲಿ. ಅದನ್ನು ಬೇರೆ ಕಸದೊಡನೆ ಬೆರೆಸಬಾರದೆಂದು ಕಾನೂನು ಬಳಕೆದಾರನಿಗೂ ವಿಧಿಸಿದೆ. ಆಮ್ಲವನ್ನು ಚರಂಡಿಗೆ ಚೆಲ್ಲುವವನು ಬಂಧುವಾದರೂ ಸರಿ, ತಡೆಯಿರಿ.

ನಿಯಮವನ್ನು ಕನ್ನಡದಲ್ಲಿ ಕೇಳುವವನು ಅದನ್ನು ಪಾಲಿಸಲು ಸಿದ್ಧನಿರಬೇಕು. ಪಾಲಿಸೆಂದು ಆಜ್ಞಾಪಿಸುವವನು ಅದನ್ನು ಕನ್ನಡದಲ್ಲಿ ಕೊಡಲು ಸಿದ್ಧನಿರಬೇಕು. ನಮ್ಮ ಪಾಲಿನ ಕೆಲಸವನ್ನು ಇಂದೇ ಆರಂಭಿಸೋಣ. ಅವರ ಪಾಲಿನದನ್ನು ಪಡೆಯುವವರೆಗೂ ಬಿಡದಿರೋಣ.